ಪುಣೆ ಫ್ಲಾಟಲ್ಲಿ ಹಳೇ ಸ್ಟೈಲ್ ಟ್ಯೂಬ್ ಗಿಟಾರ್ ಆಂಪ್: ಯಾವ್ದು ತಗೊಳ್ಳೋದು, ಹೇಗೆ ನೋಡ್ಕೊಳ್ಳೋದು?

ಕೋಥ್ರೂಡ್_ತಂತಿ

ಎಲ್ರಿಗೂ ನಮಸ್ಕಾರ. ಊರು ಹಾಸನ, ಈಗ ಇರೋದು ಪುಣೆ ಕೋಥ್ರೂಡಲ್ಲಿ, ಮೂರನೇ ಮಹಡಿ, 2 ಬಿಎಚ್‌ಕೆ. ಇಷ್ಟು ವರ್ಷ ಲ್ಯಾಪ್‌ಟಾಪ್ ಪ್ಲಗಿನ್ ಹಾಕ್ಕೊಂಡು ಹೆಡ್‌ಫೋನಲ್ಲೇ ನುಡಿಸ್ತಿದ್ದೆ. ಈಚೆಗೆ ಒಂದು ಜ್ಯಾಮ್ ರೂಮಲ್ಲಿ ಗಾಜಿನ ಟ್ಯೂಬ್ (ಹಳೇ ರೇಡಿಯೋ ವಾಲ್ವ್ ತರದ್ದು) ಇರೋ ಆಂಪಾದ ಫೆಂಡರ್ ಡೀಲಕ್ಸ್ ರಿವರ್ಬ್‌ಗೆ ನನ್ನ ಟೆಲಿಕಾಸ್ಟರ್ ಗಿಟಾರ್ ಹಾಕಿ ನುಡಿಸ್ದೆ, ಮಧ್ಯೆ ಒಂದೂ ಪೆಡಲ್ ಇಲ್ಲ. ಬೆರಳಲ್ಲಿ ಮೆತ್ತಗೆ ಮೀಟಿದ್ರೆ ಪೂರ್ತಿ ಕ್ಲೀನು, ಪಿಕ್ ತಗೊಂಡು ಅದೇ ಸ್ವರ ಜೋರಾಗಿ ಹೊಡೆದ್ರೆ ಅಂಚಲ್ಲಿ ಒರಟು, ಗಿಟಾರ್ ವಾಲ್ಯೂಮ್ ಸ್ವಲ್ಪ ಇಳಿಸಿದ್ರೆ ಮತ್ತೆ ಕ್ಲೀನು. ಅವತ್ತಿಂದ ಬೇರೇನೂ ತಲೇಲಿಲ್ಲ.

ಮುಂದೆ ಮೂರು ದಾರಿ ಇದೆ. ಚಿಕ್ಕಪ್ಪನ ಮಗ ನ್ಯೂಜೆರ್ಸಿಯಿಂದ ಬರ್ತಿದಾನೆ, ಅಲ್ಲಿಂದ ಡೀಲಕ್ಸ್ ರಿವರ್ಬ್ ರೀಇಶ್ಯೂ (ಹಳೇ ಮಾಡೆಲನ್ನೇ ಈಗ ಮತ್ತೆ ಮಾಡಿರೋದು) ತರಿಸ್ಬೋದು. ಇಲ್ಲಾಂದ್ರೆ ಇಲ್ಲೇ ಅಂಗಡೀಲಿ 15 ವಾಟಿನ ಹೊಸ ವಾಕ್ಸ್ ಎಸಿ15. ಮೂರನೇದು, ಮುಂಬೈಲಿ ಯಾರೋ ಸೆಕೆಂಡ್ ಹ್ಯಾಂಡ್ ವಾಕ್ಸ್ ಎಸಿ30 (30 ವಾಟ್) ಕಡಿಮೆಗೆ ಕೊಡ್ತಾ ಇದಾರೆ, ಹೊಸ ಎಸಿ15 ರೇಟಿಗೇ ಬರುತ್ತೆ. ಪಕ್ಕದ್ಮನೇಲಿ ವಯಸ್ಸಾದ ದಂಪತಿ ಇದಾರೆ, ಒಳ್ಳೆ ಜನ, ಅವರಿಗೆ ತೊಂದ್ರೆ ಕೊಡೋಕೆ ಇಷ್ಟ ಇಲ್ಲ. ವಾಟ್ ಎಷ್ಟಿರ್ಬೇಕು, ನಮ್ಮ ಕರೆಂಟಿಗೆ ಅಮೆರಿಕದ್ದು ನಡಿಯುತ್ತಾ, ಕೆಟ್ರೆ ಯಾರ ಹತ್ರ ಹೋಗೋದು, ಮಳೆಗಾಲದಲ್ಲಿ ಏನಾಗುತ್ತೆ, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಮಾಟುಂಗಾ_ಸಾಲ್ಡರ್

ಎಸಿ30 ಮೊದ್ಲು ಪಟ್ಟಿಯಿಂದ ತೆಗೀರಿ ಮಾರಾಯ್ರೆ. ನನ್ನ ಬೆಂಚಿಗೆ ರಿಪೇರಿಗೆ ಬರುವ ಎಸಿ30ಗಳಲ್ಲಿ ಹೆಚ್ಚಿನವು ಮನೆಯಲ್ಲಿ ವಾಲ್ಯೂಮ್ 2 ದಾಟದೆ ಕೂತದ್ದು. 30 ಕಿಲೋ ಮೇಲೆ ತೂಕ ಬೇರೆ, ಲಿಫ್ಟ್ ಇಲ್ಲದ ಬಿಲ್ಡಿಂಗಲ್ಲಿ ಮೂರು ಮಹಡಿ ಹತ್ತಿಸ್ಲಿಕ್ಕೆ ಇಬ್ರು ಬೇಕು.

ವಾಟ್ ವಿಷಯದಲ್ಲಿ ಎಲ್ಲರಿಗೂ ಒಂದು ತಪ್ಪು ಲೆಕ್ಕ ಉಂಟು. 30 ವಾಟ್ ಅಂದ್ರೆ 15 ವಾಟಿನ ಎರಡು ಪಟ್ಟು ಸೌಂಡ್ ಅಲ್ಲ, ವ್ಯತ್ಯಾಸ ಬರೀ 3 ಡೆಸಿಬಲ್. ಕಿವಿಗೆ ಎರಡು ಪಟ್ಟು ಜೋರು ಅಂತ ಕೇಳ್ಬೇಕಾದ್ರೆ ಪವರ್ ಸುಮಾರು 10 ಪಟ್ಟು ಆಗ್ಬೇಕು. ಹಾಗಾಗಿ 15 ವಾಟಿನದ್ದು ತಗೊಂಡ್ರೆ ಮನೆಗೆ ಸರಿಯಾಗ್ತದೆ ಅಂತ ಅಂದ್ಕೊಳ್ಬೇಡಿ. ಸೆಲೆಷನ್ ಗ್ರೀನ್‌ಬ್ಯಾಕ್ ಸ್ಪೀಕರ್ ನೋಡಿ, ಅದಕ್ಕೆ ಒಂದೇ ಒಂದು ವಾಟ್ ಕೊಟ್ರೂ ಒಂದು ಮೀಟರ್ ದೂರದಲ್ಲಿ 98 ಡೆಸಿಬಲ್ ಬರ್ತದೆ. ವಸತಿ ಪ್ರದೇಶಕ್ಕೆ ಕಾನೂನು ಹಾಕಿದ ಮಿತಿ ಹಗಲು 55, ರಾತ್ರಿ 10ರ ಮೇಲೆ 45. ಗೋಡೆ, ಬಾಗಿಲು ಒಂದಷ್ಟು ತಡೀತದೆ ಸರಿ, ಆದ್ರೆ ನಿಮ್ಗೆ ಅಂದಾಜು ಸಿಕ್ತಲ್ಲ.

ಹಾಗಾಗಿ ವಾಟ್ ಎಷ್ಟು ಅಂತ ಕೇಳುವುದಕ್ಕಿಂತ, ನಿಮ್ಮ ಮನೆಯಲ್ಲಿ ದಿನಾ ನುಡಿಸುವ ವಾಲ್ಯೂಮಿಗೆ ಆ ಆಂಪ್ ಚಂದ ಕೇಳ್ತದಾ ಅಂತ ನೋಡಿ. ಆಮೇಲೆ 230 ವೋಲ್ಟಿಂದು ಹೌದಾ, ಹತ್ತಿರದಲ್ಲಿ ಬಿಚ್ಚಿ ನೋಡುವವರು ಉಂಟಾ. ಬ್ರ್ಯಾಂಡ್ ಎಲ್ಲ ಅದರ ನಂತರ.

ಹಡಪ್ಸರ್_ಡ್ರಾಪ್‌ಡಿ

ನಾನಾದ್ರೆ ಇಷ್ಟೆಲ್ಲಾ ಕಷ್ಟ ಪಡಲ್ಲ ಬ್ರೋ. ಫೆಂಡರೇ 2019ರಿಂದ ಟೋನ್ ಮಾಸ್ಟರ್ ಅಂತ ಡಿಜಿಟಲ್ ಡೀಲಕ್ಸ್ ರಿವರ್ಬ್ ಮಾಡ್ತಿದೆ, ನೋಡೋಕೆ ಅದೇ ತರ, ತೂಕ ಅರ್ಧದ ಆಸುಪಾಸು, ಹಿಂದೆ ಪವರ್ ಇಳಿಸೋ ಸ್ವಿಚ್ ಇದೆ, ಟ್ಯೂಬ್ ಬದಲಾಯಿಸೋ ಗೋಜೇ ಇಲ್ಲ. ಫ್ಲಾಟಿಗೆ ಅದು ಸಾಕಲ್ವಾ?

ಠಾಣೆ_ಸ್ಲೈಡ್

ಅದೂ ಒಳ್ಳೆ ಸಲಹೆನೇ, ತೂಕ ಎತ್ತೋಕಾಗದೇ ಇರೋರಿಗೆ, ವಾರಕ್ಕೆ ನಾಕು ಗಿಗ್ ಇರೋರಿಗೆ ನಾನೇ ಅದನ್ನ ಹೇಳ್ತೀನಿ. ಆದ್ರೆ ಕೋಥ್ರೂಡ್ ಅವರು ಬರೆದಿರೋದನ್ನ ಇನ್ನೊಂದ್ಸಲ ಓದಿ, ಬೆರಳಿಗೂ ಪಿಕ್ಕಿಗೂ ಆಂಪ್ ಬೇರೆ ಬೇರೆ ಉತ್ತರ ಕೊಡ್ತು ಅಂತಾರೆ, ಅವರಿಗೆ ಬೇಕಾಗಿರೋದು ಅದು. ಅದೆಲ್ಲಿಂದ ಬರುತ್ತೆ ಅಂದ್ರೆ, ಜೋರಾಗಿ ಹೊಡೆದಾಗ ಸ್ಪೀಕರ್ ಓಡಿಸೋ ಪವರ್ ಟ್ಯೂಬ್‌ಗಳು ಒಮ್ಮೆಗೇ ಜಾಸ್ತಿ ಕರೆಂಟ್ ಎಳೀತವೆ, ಎಸಿ ಕರೆಂಟನ್ನ ಡಿಸಿ ಮಾಡೋ ರೆಕ್ಟಿಫೈಯರ್ ಟ್ಯೂಬ್ ಅಷ್ಟನ್ನ ತಕ್ಷಣ ಕೊಡೋಕಾಗ್ದೆ ವೋಲ್ಟೇಜ್ ಸ್ವಲ್ಪ ಕುಸಿಯುತ್ತೆ, ಸ್ವರ ಮೊದ್ಲು ಅದುಮಿಕೊಂಡು ಆಮೇಲೆ ಅರಳುತ್ತೆ. ಡಿಜಿಟಲ್ ಇದನ್ನ ಚೆನ್ನಾಗಿ ಅನುಕರಣೆ ಮಾಡುತ್ತೆ, ರೆಕಾರ್ಡಿಂಗಲ್ಲಿ ವ್ಯತ್ಯಾಸ ಹಿಡಿಯೋದು ಕಷ್ಟ, ಒಪ್ತೀನಿ. ರೂಮಲ್ಲಿ ಕೂತು ನುಡಿಸೋ ಕೈಗೆ ಮಾತ್ರ ನನಗಿನ್ನೂ ಟ್ಯೂಬೇ ಇಷ್ಟ.

ಡೀಲಕ್ಸ್, ಎಸಿ15 ಎರಡರಲ್ಲೂ ನಾನು ತುಂಬಾ ನುಡಿಸಿದೀನಿ, ಸ್ವಭಾವ ಬೇರೆ ಬೇರೆ. ಡೀಲಕ್ಸ್ ರಿವರ್ಬ್ 1963ರ ಡಿಸೈನು, 22 ವಾಟ್, ಎರಡು 6ವಿ6 ಪವರ್ ಟ್ಯೂಬು, ಒಂದು 12 ಇಂಚಿನ ಸ್ಪೀಕರ್. ಟ್ರೆಬಲ್, ಬಾಸ್ ಬಿಟ್ರೆ ಮಿಡ್ಲ್ ನಾಬೇ ಇಲ್ಲ, ಆದ್ರೂ ಮಧ್ಯದಲ್ಲಿ ಸ್ವಲ್ಪ ಜಾಗ ಬಿಟ್ಟು ಮೇಲೆ ಹೊಳೆಯೋ ಕ್ಲೀನ್ ಅಂದ್ರೆ ಅದೇ. ಮಾಸ್ಟರ್ ವಾಲ್ಯೂಮ್ (ಒರಟು ಉಳಿಸ್ಕೊಂಡು ಒಟ್ಟು ಸೌಂಡ್ ಇಳಿಸೋ ನಾಬ್) ಇಲ್ಲ, ಇದನ್ನ ನೆನಪಿಟ್ಕೊಳ್ಳಿ, ಒರಟು ಬೇಕಾದ್ರೆ ವಾಲ್ಯೂಮ್ 4, 5ಕ್ಕೆ ತಿರುಗಿಸ್ಲೇಬೇಕು, ಅಷ್ಟೊತ್ತಿಗೆ ನಿಮ್ಮ ಪಕ್ಕದ್ಮನೆಯವರು ಬಾಗಿಲು ತಟ್ತಾರೆ.

ಎಸಿ15 ಇಂಗ್ಲೆಂಡಿನ ದಾರಿ, 1950ರ ದಶಕದ ಕೊನೇಲಿ ಬಂದಿದ್ದು. ಇಎಲ್84 ಟ್ಯೂಬು ಎರಡು, ಮಿಡ್ ಮುಂದಕ್ಕೆ ನುಗ್ಗುತ್ತೆ, ಪಿಕ್ ಏಟು ಸ್ಪಷ್ಟ, ಬೇಗ ಒರಟಾಗುತ್ತೆ. ಈಗಿನ ಎಸಿ15ರಲ್ಲಿ ಮಾಸ್ಟರ್ ವಾಲ್ಯೂಮ್ ಇರೋದ್ರಿಂದ ಕಡಿಮೆ ಸೌಂಡಲ್ಲೂ ಕ್ರಂಚ್ (ಆ ಒರಟು) ಸಿಗುತ್ತೆ, ಆದ್ರೆ ಅದು ಮೊದಲ ಹಂತದ ಪ್ರೀಆಂಪ್ ಕ್ರಂಚು, ಪವರ್ ಟ್ಯೂಬಿಂದಲ್ಲ. ಟೆಲಿಕಾಸ್ಟರ್ ಬ್ರಿಡ್ಜ್ ಪಿಕಪ್ಪಿಗೆ (ಬ್ರಿಡ್ಜ್ ಹತ್ರ ತಂತಿ ಸದ್ದು ಹಿಡಿಯೋ ಭಾಗ) ಎಸಿ15 ಟಾಪ್ ಬೂಸ್ಟ್ ಚಾನೆಲ್ ಕೆಲವರ ಕಿವಿಗೆ ತುಂಬಾ ಚುಚ್ಚುತ್ತೆ, ಟೋನ್ ಕಟ್ ನಾಬ್ ಅದಕ್ಕೇ ಇರೋದು, ಅಂಗಡೀಲಿ ಅದನ್ನ ತಿರುಗಿಸಿ ನೋಡಿ.

ನೀವು ಕೇಳದೇ ಇರೋ ನಾಲ್ಕನೇದೊಂದು ಹೇಳ್ಲಾ? ಫೆಂಡರ್‌ದೇ ಪ್ರಿನ್ಸ್‌ಟನ್ ರಿವರ್ಬ್. ಅದೇ 6ವಿ6 ಜೋಡಿ, ಅದೇ ಸ್ಪ್ರಿಂಗ್ ರಿವರ್ಬ್, ಟ್ಯೂಬ್ ರೆಕ್ಟಿಫೈಯರ್, ಆದ್ರೆ 12 ವಾಟ್ ಆಸುಪಾಸು, 10 ಇಂಚಿನ ಸ್ಪೀಕರ್. ಡೀಲಕ್ಸಿಗಿಂತ ಬೇಗ ಕರಗುತ್ತೆ, ಬಾಸ್ ಸ್ವಲ್ಪ ಕಮ್ಮಿ, ಮನೆಗೆ ಅದೇ ವಾಸಿ. ಒಂದೇ ಕೈಲಿ ಎತ್ತಬೋದು.

ಕೋಥ್ರೂಡ್_ತಂತಿ

ಅಕ್ಕ ತುಂಬಾ ಥ್ಯಾಂಕ್ಸ್, ಪ್ರಿನ್ಸ್‌ಟನ್ ತಲೇಲೇ ಇರ್ಲಿಲ್ಲ. ಸಾಲ್ಡರ್ ಸರ್, ಕಸಿನ್ ಕೈಲಿ ತರಿಸಿದ್ರೆ ಒಂದಷ್ಟು ದುಡ್ಡು ಉಳಿಯುತ್ತೆ, 110 ವೋಲ್ಟ್ ಕನ್ವರ್ಟರ್ ಹಾಕಿದ್ರೆ ಆಯ್ತಲ್ವಾ? ಬುಧವಾರ ಪೇಠೆ ತಪಕೀರ್ ಗಲ್ಲಿಲಿ ಅಂಥ ಡಬ್ಬ ಸಿಗುತ್ತೆ ಅಂದ್ರು.

ಮಾಟುಂಗಾ_ಸಾಲ್ಡರ್

ಸಿಗ್ತದೆ, ತಪಕೀರ್ ಗಲ್ಲಿಯಲ್ಲೂ ಸಿಗ್ತದೆ, ಇಲ್ಲಿ ಲ್ಯಾಮಿಂಗ್ಟನ್ ರೋಡಲ್ಲೂ ಸಿಗ್ತದೆ. ಆದ್ರೆ ಸ್ವಲ್ಪ ನಿಧಾನಕ್ಕೆ ಓದಿ, ಇದು ಸೌಂಡಿನ ವಿಷಯ ಅಲ್ಲ, ಜೀವದ ವಿಷಯ.

ಅಂಗಡಿಯಲ್ಲಿ ಕೊಡುವ ಅಗ್ಗದ ಸ್ಟೆಪ್‌ಡೌನ್ ಡಬ್ಬದ ಮುಂದೆ ನೋಡಿ, ಎಷ್ಟೋ ಸಲ ಎರಡೇ ತೂತು ಇರ್ತದೆ. ಗೋಡೆಯಿಂದ ಬರುವ ವೈರಿಗೆ ಮೂರು ಪಿನ್, ಒಳಗೆ ಹಸಿರು ವೈರ್ ಡಬ್ಬದ ಕಬ್ಬಿಣಕ್ಕೆ ಸ್ಕ್ರೂ ಹಾಕಿ ಬಿಟ್ಟಿರ್ತಾರೆ, ಆಚೆ ಸಾಕೆಟಿಗೆ ಹೋಗುದೇ ಇಲ್ಲ. ಈಗ ಆಂಪಿನ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಅರ್ತ್ ಇಲ್ಲ. ನಿಮ್ಮ ಗಿಟಾರಿನ ತಂತಿ ಬ್ರಿಡ್ಜ್ ಮೂಲಕ, ಕೇಬಲ್ ಮೂಲಕ ಅದೇ ಚಾಸಿಗೆ ಸೇರಿದ್ದು. ಒಳಗೆ ಎಂತದಾದ್ರೂ ಲೀಕ್ ಆದ್ರೆ ಕರೆಂಟಿಗೆ ಉಳಿದ ದಾರಿ ನಿಮ್ಮ ಕೈ. ಹಾಗಾಗಿ ಮೂರು ತೂತಿನ ಔಟ್‌ಪುಟ್ ಇರುವುದೇ ಬೇಕು, ಮೀಟರ್ ಹಿಡಿದು ಗೋಡೆ ಪ್ಲಗ್ಗಿನ ಅರ್ತ್ ಪಿನ್ನಿಂದ ಔಟ್‌ಪುಟ್ ಅರ್ತ್ ತನಕ ಕಂಟಿನ್ಯೂಯಿಟಿ ನೋಡ್ಬೇಕು, ಬೀಪ್ ಬರದಿದ್ರೆ ವಾಪಸ್ ಕೊಡಿ. ಮನೆ ಸಾಕೆಟಲ್ಲೇ ಅರ್ತ್ ಸರಿ ಉಂಟಾ ಅಂತ ಎಲೆಕ್ಟ್ರಿಷಿಯನ್ ಹತ್ರ ಮೊದ್ಲೇ ನೋಡಿಸಿ, ಹಳೇ ಬಿಲ್ಡಿಂಗಲ್ಲಿ ಮೂರನೇ ತೂತು ಬರೀ ಶೋಗೆ ಇರುವುದು ಕಂಡಿದ್ದೇನೆ.

ಮತ್ತೆ ಅಲ್ಲಿ 60 ಹರ್ಟ್ಸ್, ಇಲ್ಲಿ 50. ಸ್ಟೆಪ್‌ಡೌನ್ ವೋಲ್ಟೇಜ್ ಇಳಿಸ್ತದೆಯೇ ಹೊರತು ಹರ್ಟ್ಸ್ ಬದಲಾಯಿಸುದಿಲ್ಲ. 60ಕ್ಕೆ ಮಾತ್ರ ಅಂತ ಲೆಕ್ಕ ಹಾಕಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿ ಆಗ್ತದೆ. ಕೆಲವು ತಡ್ಕೊಳ್ತವೆ, ಕೆಲವು ಇಲ್ಲ, ಆಂಪಿನ ಹಿಂದೆ ಬರೆದದ್ದು ನೋಡ್ಬೇಕು. ಡಬ್ಬದ ವಿಎ (ಅದು ಕೊಡಬಲ್ಲ ಪವರ್) ಕೂಡ ಆಂಪ್ ಎಳೆಯುವುದರ ಎರಡರಷ್ಟು ಇರ್ಲಿ, ಇಲ್ಲದಿದ್ರೆ ಡಬ್ಬವೇ ಗುಂಯ್ ಅಂತ ಹಾಡ್ತದೆ, ಸಿಂಗಲ್ ಕಾಯಿಲ್ ಪಿಕಪ್ ಅದನ್ನೂ ಹಿಡೀತದೆ.

ಅಷ್ಟು ದೂರದಿಂದ ತಂದು, ಇಷ್ಟೆಲ್ಲ ಮಾಡಿ ಉಳಿಯುವ ದುಡ್ಡು ಎಷ್ಟು ಅಂತ ಕೂತು ಲೆಕ್ಕ ಹಾಕಿ. ವಾರಂಟಿಯೂ ಇಲ್ಲಿ ನಡೆಯುವುದು ಅನುಮಾನ. ಅದೇ ಆಂಪ್ 230 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಹಾಕಿದ್ದು ಇಲ್ಲಿಯೇ ಸಿಗುವಾಗ ನಾನಂತೂ ಇಲ್ಲಿಯೇ ತಗೊಳ್ಳುವುದು.

ಮಡಗಾಂವ್_ಧಾರವಾಡ

ಸಾಲ್ಡರ್ ಅಣ್ಣಾರು ಹೇಳಿದ್ದು ಖರೇ ಐತಿ. ನಾನು ಧಾರವಾಡದಾಂವ, ಮಡಗಾಂವದಾಗ ಇದ್ದು ಬೀಚ್ ಕಡೆ ಹೋಟೆಲ್ಲಿನ್ಯಾಗ ಬಾರಸ್ತೇನಿ. ಒಂದು ಹೋಟೆಲ್ಲಿನ್ಯಾಗ ಮೈಕಿಗೆ ತುಟಿ ಹತ್ತಿದ ಕೂಡ್ಲೇ ಶಾಕ್ ಹೊಡೀತು, ಯಾಕಂದ್ರ ಪಿಎ (ಮೈಕಿನ ಸೌಂಡ್ ಸಿಸ್ಟಮ್) ಒಂದು ಸಾಕೆಟ್ಟಿಗೆ, ನನ್ನ ಆಂಪ್ ಇನ್ನೊಂದಕ್ಕ, ಎರಡನೇದರಾಗ ಅರ್ತೇ ಇರಲಿಲ್ಲ. ಅವತ್ತಿನಿಂದ ಸಾಕೆಟ್ ಟೆಸ್ಟರ್ ನನ್ನ ಗಿಟಾರ್ ಚೀಲದಾಗ ಇರ್ತೈತಿ, ಪಿಕ್ ಮರೀಬಹುದು, ಅದನ್ನ ಮರಿಯಂಗಿಲ್ಲ.

ಮಳಿಗಾಲದ ಬಗ್ಗೆ ಕೇಳಿದ್ರಿ. ಪುಣೆದಾಗ ಅಷ್ಟು ತ್ರಾಸ ಇಲ್ರಿ, ಗೋವಾದಾಗ ಭಾಳ. ಜೂನ್ ಹತ್ತಿತಂದ್ರ ಸೆಪ್ಟೆಂಬರ್ ತನಕ ಗಾಳಿನೇ ಹಸಿ, ಸಮುದ್ರದ ಉಪ್ಪು ಬ್ಯಾರೆ. ಮೊದಲ ಹಾಳಾಗೋದು ಟ್ಯೂಬ್ ಅಲ್ಲ, ಟ್ಯೂಬ್ ಗಾಜಿನ ಒಳಗ ಆರಾಮ ಇರ್ತೈತಿ. ಜ್ಯಾಕ್, ನಾಬಿನ ಒಳಗಿನ ಪಾಟ್, ಟ್ಯೂಬ್ ಸಾಕೆಟ್ಟಿನ ಹಿಡಿಕಿ, ರಿವರ್ಬ್ ಟ್ಯಾಂಕಿನ ಆರ್‌ಸಿಎ ತುದಿ, ಇವಕ್ಕ ಹಸಿರು ಕಿಲುಬು ಹಿಡೀತೈತಿ. ನಾಬ್ ತಿರುವಿದಾಗ ಖರ್ ಖರ್ ಅಂದ್ರ, ರಿವರ್ಬ್ ಒಮ್ಮೆ ಬಂದು ಒಮ್ಮೆ ಹೋದ್ರ ಆಂಪ್ ಹೋತು ಅಂತ ಗಾಬರಿ ಆಗಬ್ಯಾಡ್ರಿ. ಆಂಪ್ ಬಂದ್ ಮಾಡಿ, ಪ್ಲಗ್ ತಗದು, ಹೊರಗಿನ ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದ ಹನಿ ಬಿಟ್ಟು ಕೇಬಲ್ ನಾಕು ಸಲ ಹಾಕಿ ತಗೀರಿ, ಅರ್ಧ ರೋಗ ಅಲ್ಲೇ ಹೋಗ್ತೈತಿ. ಒಳಗಿಂದು ಮೆಕ್ಯಾನಿಕ್ಕಿಗೆ ಬಿಡ್ರಿ.

ಇನ್ನೊಂದು, ಮಳಿಗಾಲದಾಗ ಆಂಪಿಗೆ ಪ್ಲಾಸ್ಟಿಕ್ ಸುತ್ತಿ ಇಡಬ್ಯಾಡ್ರಿ, ಹಸಿ ಒಳಗ ಕೂತು ಟೋಲೆಕ್ಸ್ (ಆಂಪಿನ ಹೊರಗಿನ ಹೊದಿಕಿ) ಮ್ಯಾಲ ಬೂಸರು ಬರ್ತೈತಿ. ಹತ್ತಿ ಬಟ್ಟಿ ಹೊದಸ್ರಿ, ಗೋಡಿಯಿಂದ ದೂರ ಇಡ್ರಿ, ಮತ್ತ ವಾರಕ್ಕ ಎರಡು ಮೂರು ಸಲ ಹಚ್ಚಿ ಬಾರಸ್ರಿ. ಟ್ಯೂಬಿನ ಕಾವಿಗೆ ಒಳಗಿನ ಹಸಿ ತಾನ ಆರತೈತಿ.

ಕೋಥ್ರೂಡ್_ತಂತಿ

ಟ್ಯೂಬ್ ಎಷ್ಟು ದಿನಕ್ಕೆ ಬದಲಾಯಿಸ್ಬೇಕು? ನಾನೇ ಮಾಡ್ಕೋಬೋದಾ? ಹಳೇ ಬಿಇಎಲ್ ಟ್ಯೂಬ್ ಚೋರ್ ಬಜಾರಲ್ಲಿ ಸಿಗುತ್ತೆ ಅಂತಾನೂ ಕೇಳಿದೀನಿ.

ಮಾಟುಂಗಾ_ಸಾಲ್ಡರ್

ಹೌದು, ಬಿಇಎಲ್ ವಿಷಯ ಬಂತಲ್ಲ, ನಂಗೆ ಖುಷಿ. 1954ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್, ಜಾಲಹಳ್ಳಿ ಅಂದ್ರೆ ಎಲ್ಲರಿಗೂ ಗೊತ್ತು. ರೇಡಿಯೋ ಕಾಲದಲ್ಲಿ ಅವ್ರು ಇಎಲ್84, ಇಸಿಸಿ83 ಎಲ್ಲ ಮಾಡ್ತಿದ್ರು, ಇಸಿಸಿ83 ಅಂದ್ರೆ ಗಿಟಾರಿನವರು ಹೇಳುವ 12ಎಎಕ್ಸ್7. ಚೋರ್ ಬಜಾರಲ್ಲಿ, ಹಳೇ ರೇಡಿಯೋ ರಿಪೇರಿಯವರ ಡಬ್ಬದಲ್ಲಿ ಈಗಲೂ ಕೆಲವೊಮ್ಮೆ ಕಾಣ್ತದೆ. ಒಳ್ಳೆಯದು ಸಿಕ್ಕಿದ್ರೆ ಬಿಡ್ಬೇಡಿ, ಆದ್ರೆ ಬಳಸಿ ಬಿಸಾಡಿದ್ದನ್ನೇ ಒರೆಸಿ ಹೊಸತು ಅಂತ ಕೊಡುವವರೂ ಇದ್ದಾರೆ, ಟೆಸ್ಟರಲ್ಲಿ ಹಾಕಿ ನೋಡದೆ ದುಡ್ಡು ಕೊಡ್ಲಿಕ್ಕೆ ಹೋಗ್ಬೇಡಿ. ಹೊಸತಲ್ಲಿ ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೋವ್ ಫ್ಯಾಕ್ಟರಿಯದ್ದು, ಚೀನಾದ್ದು. 2022ರಲ್ಲಿ ರಷ್ಯಾದ್ದು ಬರುವುದಕ್ಕೆ ಅಡ್ಡಿಯಾದಾಗ ಎಲ್ಲದಕ್ಕೂ ರೇಟ್ ಏರಿತ್ತು, ಹಾಗಾಗಿ ಒಂದು ಜೋಡಿ ಪವರ್ ಟ್ಯೂಬ್, ಒಂದೆರಡು 12ಎಎಕ್ಸ್7 ಮನೆಯಲ್ಲಿ ಇಟ್ಕೊಳ್ಳಿ.

ಪ್ರೀಆಂಪ್ ಟ್ಯೂಬ್ ವರ್ಷಗಟ್ಟಲೆ ಬರ್ತದೆ, ಹೋಗದೆ ಬದಲಾಯಿಸ್ಬೇಡಿ. ಪವರ್ ಟ್ಯೂಬ್ ದಿನಾ ಜೋರಾಗಿ ನುಡಿಸುವವರಿಗೆ ಒಂದೆರಡು ವರ್ಷ, ಮನೆಯಲ್ಲಿ ಮೆತ್ತಗೆ ನುಡಿಸುವವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಹೈ ಮಂಕಾಗ್ತದೆ, ಬಾಸ್ ಸಡಿಲ ಆಗ್ತದೆ, ವಾಲ್ಯೂಮ್ ಏರಿಳಿತ ಆಗ್ತದೆ, ಆಗ ಗೊತ್ತಾಗ್ತದೆ. ಕತ್ತಲೆಯಲ್ಲಿ ಹಿಂದಿನಿಂದ ನೋಡಿ, ಒಳಗಿನ ಫಿಲಮೆಂಟ್ ಕಿತ್ತಳೆ ಬಣ್ಣದಲ್ಲಿ ಮಿನುಗಿದ್ರೆ ಸರಿ. ಆದ್ರೆ ಹೊರಗಿನ ಬೂದು ಲೋಹದ ಪ್ಲೇಟೇ ಕೆಂಪಾಗ್ಲಿಕ್ಕೆ ಶುರುವಾದ್ರೆ ತಕ್ಷಣ ಆಫ್ ಮಾಡಿ, ಅದು ಬಯಾಸ್ (ಸುಮ್ಮನಿರುವಾಗ ಟ್ಯೂಬಲ್ಲಿ ಎಷ್ಟು ಕರೆಂಟ್ ಓಡ್ಬೇಕು ಅನ್ನುವ ಸೆಟ್ಟಿಂಗ್) ಹೋದ ಲಕ್ಷಣ, ಹಾಗೇ ಬಿಟ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ತಗೊಂಡು ಹೋಗ್ತದೆ.

ಪ್ರೀಆಂಪ್ ಟ್ಯೂಬ್ ನೀವೇ ಬದಲಾಯಿಸ್ಬಹುದು, ಆಫ್ ಮಾಡಿ, ತಣಿದ ಮೇಲೆ, ನೆಟ್ಟಗೆ ಎಳೀಬೇಕು. ಎಸಿ15 ಕ್ಯಾಥೋಡ್ ಬಯಾಸ್, ಅಂದ್ರೆ ಬಯಾಸ್ ತಾನೇ ಹೊಂದಿಕೊಳ್ತದೆ, ಅದಕ್ಕೆ ಮ್ಯಾಚ್ ಆದ ಜೋಡಿ ತಂದು ಹಾಕಿದ್ರೆ ಮುಗೀತು. ಡೀಲಕ್ಸಿಗೆ, ಪ್ರಿನ್ಸ್‌ಟನ್ನಿಗೆ ಹೊಸ 6ವಿ6 ಹಾಕಿದ್ರೆ ಬಯಾಸ್ ನೋಡಿಸ್ಬೇಕು, ಅದು ಬೆಂಚ್ ಕೆಲಸ. ಚಾಸಿ ಹೊರಗೆ ಎಳೆಯುವ ಆಸೆ ಮಾತ್ರ ಬೇಡ. ಒಳಗೆ 400 ವೋಲ್ಟ್ ಮೇಲೆ ಓಡ್ತಿರ್ತದೆ, ಫಿಲ್ಟರ್ ಕೆಪ್ಯಾಸಿಟರ್‌ಗಳು ಪ್ಲಗ್ ತೆಗೆದ ಮೇಲೂ ಅದನ್ನು ಹಿಡ್ಕೊಂಡಿರ್ತವೆ. ನಾನು ಪ್ರತಿ ಸಲ ಒಂದು ಕೈ ಬೆನ್ನ ಹಿಂದೆ ಇಟ್ಟು, ದೊಡ್ಡ ರೆಸಿಸ್ಟರಿಗೆ ಕ್ಲಿಪ್ ಹಾಕಿ ಇಳಿಸ್ತೇನೆ, ಮೀಟರ್ ಕೆಲವೇ ವೋಲ್ಟ್ ತೋರಿಸುವ ತನಕ ಒಳಗೆ ಬೆರಳು ಹಾಕುದಿಲ್ಲ.

ಠಾಣೆ_ಸ್ಲೈಡ್

ಟ್ಯೂಬ್ ಮೈಕ್ರೋಫೋನಿಕ್ (ಅಲುಗಿದ್ರೆ ತಾನೇ ಸದ್ದು ಮಾಡೋದು) ಆಗಿದ್ಯಾ ನೋಡೋದು ಮಾತ್ರ ಮನೇಲೇ ಮಾಡ್ಬೋದು. ಆಂಪ್ ಆನ್ ಇಟ್ಟು, ವಾಲ್ಯೂಮ್ ಸ್ವಲ್ಪ ಕೊಟ್ಟು, ಪೆನ್ಸಿಲ್ ಹಿಂಭಾಗದಿಂದ, ಮರದ್ದೇ ಇರ್ಬೇಕು, ಒಂದೊಂದೇ ಟ್ಯೂಬನ್ನ ಮೆಲ್ಲಗೆ ತಟ್ಟಿ. ಎಲ್ಲದರಿಂದಲೂ ಚೂರು ಟಪ್ ಬರುತ್ತೆ, ಕೆಟ್ಟಿರೋದು ಸ್ಟೀಲ್ ಲೋಟ ಬಡಿದ ಹಾಗೆ ಟಿಣ್ಣ್ ಅಂತ ಎಳೆಯುತ್ತೆ. ಅದೊಂದನ್ನ ಬದಲಾಯಿಸಿದ್ರೆ ಸಾಕು, ಪೂರ್ತಿ ಸೆಟ್ ಮಾರೋಕೆ ನೋಡ್ತಾರೆ, ತಗೋಬೇಡಿ.

ಸ್ಪೀಕರ್ ಕೇಬಲ್ ಹಾಕದೆ ಆಂಪ್ ಆನ್ ಮಾಡೋದು ಯಾವತ್ತೂ ಬೇಡ. ಟ್ರಾನ್ಸಿಸ್ಟರ್ ಆಂಪಲ್ಲಿ ನಡೆಯುತ್ತೆ, ಇದ್ರಲ್ಲಿ ನಡಿಯಲ್ಲ.

ಹಡಪ್ಸರ್_ಡ್ರಾಪ್‌ಡಿ

ಅಟೆನ್ಯುಯೇಟರ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ? ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ ಹಾಕಿದ್ರೆ ಡೀಲಕ್ಸನ್ನೇ 6ಕ್ಕೆ ತಿರುಗಿಸಿ ಮನೇಲಿ ನುಡಿಸ್ಬೋದು.

ಮಾಟುಂಗಾ_ಸಾಲ್ಡರ್

ಹಾಕ್ಬಹುದು, ಡೀಲಕ್ಸ್ ಔಟ್‌ಪುಟ್ 8 ಓಮ್, ಅದಕ್ಕೆ 8 ಓಮಿನದ್ದೇ ಬೇಕು. ಸ್ವಲ್ಪ ಇಳಿಸ್ಲಿಕ್ಕೆ ಚಂದ. ತುಂಬಾ ಇಳಿಸಿದ್ರೆ ಸ್ಪೀಕರ್ ಕೋನ್ ಅಲುಗುವುದೇ ಕಡಿಮೆ, ಸೌಂಡ್ ಸಪ್ಪೆ. ಆಂಪ್ ಒಳಗಿಂದ ಪೂರ್ತಿ ಜೋರಲ್ಲೇ ಓಡ್ತಾ ಇರ್ತದೆ, ಟ್ಯೂಬೂ ಹಾಗೇ ಸವೀತದೆ. ನನ್ನ ಅಭಿಪ್ರಾಯದಲ್ಲಿ ಆ ದುಡ್ಡಿಗೆ ಚಿಕ್ಕ ಆಂಪ್ ತಗೊಳ್ಳುವುದೇ ಸರಿ.

ಠಾಣೆ_ಸ್ಲೈಡ್

ಇಲ್ಲಿ ನಾನು ಒಪ್ಪಲ್ಲ ಸರ್. ರೆಕಾರ್ಡಿಂಗ್ ಮಾಡೋರಿಗೆ ರಿಯಾಕ್ಟಿವ್ ಲೋಡ್ (ಸ್ಪೀಕರ್ ಬದಲಿಗೆ ಆಂಪಿಗೆ ಲೋಡ್ ಆಗಿ ನಿಲ್ಲೋದು) ಇರೋ ಒಳ್ಳೆ ಅಟೆನ್ಯುಯೇಟರ್ ತುಂಬಾ ಉಪಯೋಗ, ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಇಲ್ದೇನೇ ಲೈನಲ್ಲಿ ತಗೋಬೋದು, ನಾನು ಹಾಗೇ ಕೆಲಸ ಮಾಡೋದು. ಬರೀ ಮನೇಲಿ ನುಡಿಸೋರಿಗಾದ್ರೆ ನಿಮ್ಮ ಮಾತು ಸರಿ.

ಕೋಥ್ರೂಡ್_ತಂತಿ

ಅಪ್‌ಡೇಟ್: ಶನಿವಾರ ಮುಂಬೈಗೆ ಬಂದಿದ್ದೆ, ಧೋಬಿ ತಲಾವ್ ಕಡೆ ಅಂಗಡಿ ಸುತ್ತಿ, ನನ್ನದೇ ಗಿಟಾರ್, ನನ್ನದೇ ಕೇಬಲ್ ತಗೊಂಡ್ಹೋಗಿ ಮೂರನ್ನೂ ನುಡಿಸ್ದೆ. ಸಾಲ್ಡರ್ ಸರ್ ಹೇಳ್ದಂಗೆ ಮೊದ್ಲು ಮನೇಲಿ ನುಡಿಸೋಷ್ಟೇ ಸೌಂಡಿಟ್ಟೆ, ಅಂಗಡಿ ಹುಡುಗ ಜೋರು ಮಾಡಿ ಅಂದ್ರೂ ಮಾಡ್ಲಿಲ್ಲ. ಎಸಿ15 ಆ ಸೌಂಡಲ್ಲಿ ಕ್ರಂಚ್ ಚೆನ್ನಾಗಿ ಕೊಡ್ತು, ಆದ್ರೆ ನನ್ನ ಟೆಲಿಗೆ ಕಟ್ ನಾಬ್ ತುಂಬಾನೇ ತಿರುಗಿಸ್ಬೇಕಾಯ್ತು. ಡೀಲಕ್ಸ್ ಕಡಿಮೇಲಿ ಕ್ಲೀನ್ ಅದ್ಭುತ, ಒರಟು ಮಾತ್ರ ಬರ್ಲೇ ಇಲ್ಲ. ಪ್ರಿನ್ಸ್‌ಟನ್ 3 ದಾಟ್ತಿದ್ದಂಗೆ ಬೆರಳಿಗೂ ಪಿಕ್ಕಿಗೂ ಬೇರೆ ಬೇರೆ ಮಾತಾಡೋಕೆ ಶುರು ಮಾಡ್ತು. ಜೋರಿದೆ ನಿಜ, ಆದ್ರೂ ಹಗಲೊತ್ತು ಬಾಗಿಲು ಹಾಕಿದ್ರೆ ನಡಿಯುತ್ತೆ. ಅದನ್ನೇ ಬುಕ್ ಮಾಡಿದೀನಿ, ಹಿಂದೆ 230 ವೋಲ್ಟ್ 50 ಹರ್ಟ್ಸ್ ಅಂತ ಇರೋದನ್ನ ನೋಡಿ ಫೋಟೋನೂ ತೆಗ್ದೆ. ಪಕ್ಕದ್ಮನೆ ಅಜ್ಜಿ ಹತ್ರನೂ ಮಾತಾಡ್ದೆ, ಮಧ್ಯಾಹ್ನ ಮಲಗೋ ಹೊತ್ತು ಬಿಟ್ಟು ಸಂಜೆ ಐದರಿಂದ ಏಳು ನುಡಿಸಪ್ಪ ಅಂದ್ರು.

ಎರಡೇ ಪ್ರಶ್ನೆ ಉಳಿದಿದೆ. ರೂಮಲ್ಲಿ ಎಲ್ಲಿಡೋದು, ಮತ್ತೆ ಮುಂಬೈಯಿಂದ ಪುಣೆಗೆ ಬಸ್ಸಲ್ಲಿ ತರೋದು ಹೇಗೆ?

ಮಡಗಾಂವ್_ಧಾರವಾಡ

ಛಲೋ ಆತು ನೋಡ್ರಿ. ನೆಲದ ಮ್ಯಾಲ ಇಡಬ್ಯಾಡ್ರಿ, ಕೆಳಗಿನ ಮನಿಗೆ ಬಾಸ್ ಇಳೀತೈತಿ, ಗಟ್ಟಿ ಕುರ್ಚಿ ಇಲ್ಲಂದ್ರ ಸಣ್ಣ ಮೇಜಿನ ಮ್ಯಾಲ ಇಡ್ರಿ, ಕಿವಿಗೆ ಹತ್ರ ಬಂದಷ್ಟು ವಾಲ್ಯೂಮ್ ಕಮ್ಮಿ ಸಾಕಾಗ್ತೈತಿ. ಹಿಂದ ಗಾಳಿ ಆಡಾಕ ಒಂದು ಗೇಣು ಜಾಗ ಬಿಡ್ರಿ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಡಿಮ್ಮರ್ ಇದ್ದ ಲೈನಿಗೆ ಹಾಕಬ್ಯಾಡ್ರಿ, ಟೆಲಿ ಪಿಕಪ್ ಆ ಗುಂಯ್ ಎಲ್ಲಾ ಹಿಡೀತೈತಿ. ಕರೆಂಟ್ ಹ್ವಾದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಹಚ್ಚಬ್ಯಾಡ್ರಿ.

ಬಸ್ಸಿನ್ಯಾಗ ತರೂದಾದ್ರ ಡಿಕ್ಕಿಗೆ ಹಾಕಬ್ಯಾಡ್ರಿ, ಸೀಟಿನ ಹತ್ರ ಇಟಗೋರಿ. ಕಂಪನಿ ಡಬ್ಬಿ ಬಿಚ್ಚಿರದಿದ್ರ ಹಂಗೇ ತರ್ರಿ, ಬಿಚ್ಚಿದ್ರ ಪವರ್ ಟ್ಯೂಬ್ ಮತ್ತ ರೆಕ್ಟಿಫೈಯರ್ ಟ್ಯೂಬ್ ತಗದು ಯಾವುದು ಎಲ್ಲಿತ್ತು ಅಂತ ಚೀಟಿ ಹಚ್ಚಿ, ಬಟ್ಟಿಯಾಗ ಸುತ್ತಿ ಕೈಯಾಗ ಹಿಡ್ಕೋರಿ. ಮನಿಗೆ ಬಂದ ಮ್ಯಾಲ ಎಲ್ಲಾ ಟ್ಯೂಬ್ ಗಟ್ಟಿ ಕುಂತಾವೋ ಇಲ್ಲೋ ಒತ್ತಿ ನೋಡಿ ಆಮ್ಯಾಲ ಪ್ಲಗ್ ಹಾಕ್ರಿ. ದಾರಿ ಮ್ಯಾಗ ಲ್ಯಾಮಿಂಗ್ಟನ್ ರೋಡಿನ್ಯಾಗ ಇಳದು ಫ್ಯೂಸ್ ನಾಕು ತಗೋರಿ, ಆಂಪಿನ ಹಿಂದ ಬರದಿದ್ದ ಅದೇ ರೇಟಿಂಗು, ಸ್ಲೋ ಬ್ಲೋ (ತಡದು ಸುಡೋದು) ಅಂತ ಕೇಳಿ ತಗೋರಿ. ಹೊಸ ಫ್ಯೂಸೂ ಕೂಡ್ಲೇ ಸುಟ್ರ ದೊಡ್ಡ ಫ್ಯೂಸ್ ಹಾಕಾಕ ಹೋಗಬ್ಯಾಡ್ರಿ, ಸಾಲ್ಡರ್ ಅಣ್ಣಾರಿಗೆ ಫೋನ್ ಮಾಡ್ರಿ.

ಮಾಟುಂಗಾ_ಸಾಲ್ಡರ್

ಮಾಡಿ, ಭಾನುವಾರ ಬಿಟ್ಟು ಯಾವಾಗ ಬೇಕಾದ್ರೂ. ನಂಬರ್ ಮೆಸೇಜಲ್ಲಿ ಕಳಿಸಿದ್ದೇನೆ.